ಅರಳಿದ ಸುಣ್ಣಕ್ಕೆ ಎರಡನೇ ಬೆಂಕಿ

ಇದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ನನ್ನನ್ನೂ ಅವ್ವನನ್ನೂ ಸಾಕಿದವರು ದೊಡ್ಡಪ್ಪನೇ. ಹಾಗಾಗಿ ಹೇಳುವ ಹಕ್ಕು ಅವರಿಗಿತ್ತು. ನಾನು ಬಿ.ಎಸ್ಸಿ.ಗೆ ಸೇರುತ್ತೇನೆ ಎಂದು ಹೇಳಿದ ದಿನ ಅವರು ಗೂಡಿನ ಬಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಿರುಕು ಬಿಟ್ಟ ಅಂಗೈಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮ ಗೂಡಿನೋನು ಕಾಲೇಜು ಪಾಸ್ ಮಾಡಾದು ಅಂದ್ರೆ ಅರಳಿದ ಸುಣ್ಣ ಇನ್ನೊಂದು ಸಲ ಕುದ್ದಂಗೆ. ಕುದೀತದೇನ್ಲಾ?"

"ಇಲ್ಲ, ದೊಡ್ಡಪ್ಪ."

"ಮತ್ತೆ?"

ಅವರು ಎಣ್ಣೆ ತಿಕ್ಕುವುದನ್ನು ಮುಗಿಸಿ, "ಸೇರ್ಕೊ ಹೋಗು. ನಾನು ಬ್ಯಾಡ ಅಂದೆ ಅಂತ ಆಗಬಾರ್ದು. ಆಗಲ್ಲ ಅಂದೆ, ಅಷ್ಟೇ" ಎಂದರು.

ನಮ್ಮದು ಸುಣ್ಣದ ಗೂಡು. ಬನಶಂಕರಿ ಗುಡಿಯಿಂದ ಸಾರಕ್ಕಿ ಕೆರೆಯ ಕಡೆ ಹೋಗುವ ಗಾಡಿದಾರಿಯ ಪಕ್ಕದಲ್ಲಿತ್ತು. ಐವತ್ತರ ದಶಕದ ಕೊನೆಯ ವರ್ಷಗಳು ಅವು. ಜಯನಗರದಲ್ಲಿ ಸೈಟು ಸಿಕ್ಕವರೆಲ್ಲ ಮನೆ ಕಟ್ಟಿಸುತ್ತಿದ್ದರು. ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ, ಗೋಡೆಗೆ ಗಾರೆಯೇ ಗತಿ. ಗಾರೆಗೆ ಸುಣ್ಣ ಬೇಕು. ಗೂಡಿನಲ್ಲಿ ಒಂದು ಸಾಲು ಕಟ್ಟಿಗೆ, ಅದರ ಮೇಲೆ ಒಂದು ಸಾಲು ಸುಣ್ಣದ ಕಲ್ಲು, ಹೀಗೆ ಕತ್ತಿನವರೆಗೂ ತುಂಬಿ ಬೆಂಕಿ ಇಡುತ್ತಿದ್ದೆವು. ಮೂರು ದಿನ ಉರಿದು, ಆರಿದ ಮೇಲೆ ಕಲ್ಲು ಹಗುರವಾಗಿ, ಬೆಳ್ಳಗೆ ಹೊರಗೆ ಬರುತ್ತಿತ್ತು. ಅದು ಸುಟ್ಟ ಸುಣ್ಣ. ಅದನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಮೊದಲು ಏನೂ ಆಗುವುದಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಕಾಯಬೇಕು. ಆಮೇಲೆ ಒಳಗಿನಿಂದ ಬುಸುಗುಟ್ಟುವ ಸದ್ದು. ಗುಂಡಿಯ ತುಂಬ ಹಬೆ ಎದ್ದು, ಕೆಳಗೆ ಬೆಂಕಿಯೇ ಇಲ್ಲದೆ ನೀರು ಕೊತಕೊತ ಕುದಿದು, ಕಲ್ಲು ಬಿರಿದು ಹಿಟ್ಟಾಗುತ್ತದೆ. ಇದಕ್ಕೆ ನಮ್ಮಲ್ಲಿ ಸುಣ್ಣ ಅರಳುವುದು ಎನ್ನುತ್ತಾರೆ. ಒಂದು ಸಲ ಅರಳಿದ ಸುಣ್ಣಕ್ಕೆ ಎಷ್ಟು ನೀರು ಸುರಿದರೂ ಅದು ತಣ್ಣಗೆ ಕೂತಿರುತ್ತದೆ. ದೊಡ್ಡಪ್ಪ ಹೇಳಿದ್ದು ಅದನ್ನೇ.

ಸುಣ್ಣ ಅರಳಿಸುವ ದಿನ ಅವ್ವ ಗುಂಡಿಯ ಅಂಚಿನಲ್ಲಿ ಮಣ್ಣು ಕೆದಕಿ ನೀರಿನ ತಪ್ಪಲೆಗಳನ್ನು ಹೂತಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮನೆಮಂದಿಗೆಲ್ಲ ಸ್ನಾನಕ್ಕೆ ಬಿಸಿನೀರು. "ಇವತ್ತು ಒಲೆ ಹಚ್ಚಂಗಿಲ್ಲ, ಗುಂಡಿನೇ ಕೊಡ್ತು" ಎಂದು ಖುಷಿಪಡುತ್ತಿದ್ದಳು. ಗುಂಡಿ ಕೊಡುತ್ತದೆ, ನಾವು ತಗೊಳ್ಳುತ್ತೇವೆ. ಈ ಮಾತು ನನ್ನ ತಲೆಯಲ್ಲಿ ಎಷ್ಟು ಆಳವಾಗಿ ಕೂತಿತ್ತು ಎಂದರೆ ಅದೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು.

ಕಾಲೇಜು ಲಾಲ್‌ಬಾಗಿನ ಆಚೆಗಿತ್ತು. ಬೆಳಿಗ್ಗೆ ಒಂದು ಗಾಡಿ ಸುಣ್ಣ ತುಂಬಿಸಿ, ತಲೆಗೆ ನೀರು ಸುರಿದುಕೊಂಡು, ಜಯನಗರದ ಖಾಲಿ ಸೈಟುಗಳ ನಡುವೆ ನಡೆದು ಹೋಗುತ್ತಿದ್ದೆ. ಎಷ್ಟು ತೊಳೆದರೂ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಬಿಳುಪು ಉಳಿಯುತ್ತಿತ್ತು. ಕ್ಲಾಸಿನಲ್ಲಿ ಹೆಚ್ಚಿನವರು ಬಸವನಗುಡಿ, ಚಾಮರಾಜಪೇಟೆಯ ಮನೆಗಳವರು. ಅವರ ಅಪ್ಪಂದಿರೂ ಅಣ್ಣಂದಿರೂ ಅದೇ ಬೆಂಚುಗಳ ಮೇಲೆ ಕೂತು ಎದ್ದು ಹೋದವರು. ಅವರೇನು ಕೆಟ್ಟವರಲ್ಲ. ಎರಡನೇ ವಾರದಲ್ಲೇ ನನಗೊಂದು ಹೆಸರಿಟ್ಟರು, ಅಷ್ಟೇ.

"ಏನೋ ಸುಣ್ಣದ ಡಬ್ಬಿ, ಎಲೆ ಅಡಿಕೆ ನಮ್ಮ ಹತ್ರ ಇದೆ. ಸುಣ್ಣ ನೀನು ಕೊಡ್ತೀಯೇನೋ?"

"ಕೊಡ್ತೀನಿ, ಬಾಯಿ ಬೆಂದ್ರೆ ನನ್ನ ಕೇಳ್ಬೇಡ" ಎಂದೆ ಒಂದು ಸಲ. ನಕ್ಕರು. ನಾನೂ ನಕ್ಕೆ. ಆದರೆ ಪಕ್ಕದಲ್ಲಿ ಬಂದು ಕೂರಲಿಲ್ಲ ಯಾರೂ. ಲ್ಯಾಬಿನಲ್ಲಿ ಇಬ್ಬಿಬ್ಬರಿಗೆ ಒಂದು ಟೇಬಲ್ಲು. ನಮ್ಮ ಬ್ಯಾಚಿನಲ್ಲಿ ಬೆಸ ಸಂಖ್ಯೆಯ ಹುಡುಗರಿದ್ದರು. ಮೂರು ವರ್ಷವೂ ಆ ಮಿಕ್ಕವನು ನಾನೇ. ಒಬ್ಬರು ಥರ್ಮಾಮೀಟರ್ ಓದಿ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳುವ ಪ್ರಯೋಗಗಳಲ್ಲಿ ನಾನೇ ಓದಿ, ನನಗೇ ಕೇಳುವಂತೆ ಮೆಲ್ಲಗೆ ಹೇಳಿಕೊಂಡು, ನಾನೇ ಬರೆಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಅವ್ವ, "ಏನ್ ಹೇಳ್ಕೊಟ್ರು ಇವತ್ತು?" ಎಂದು ಕೇಳುವಳು. ಹೇಳಲು ಬಾಯಿ ತೆಗೆಯುತ್ತಿದ್ದೆ. ಎಲ್ಲಾ ಇಂಗ್ಲಿಷಿನಲ್ಲಿ ಕೇಳಿದ್ದು. ಕನ್ನಡದಲ್ಲಿ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿರಲಿಲ್ಲ. "ಏನೋ ಶಾಖದ ವಿಷಯ" ಎಂದು ಮುಗಿಸುತ್ತಿದ್ದೆ. ಅಲ್ಲಿ ಕೇಳುವವರಿಲ್ಲ, ಇಲ್ಲಿ ಹೇಳಲಾಗುವುದಿಲ್ಲ. ದಿನಕ್ಕೆ ಎರಡು ಸಲ ಎರಡರ ನಡುವಿನ ನಾಲ್ಕೈದು ಮೈಲಿ ನಡೆಯುವಾಗ ನಾನೊಬ್ಬನೇ.

ಕೊನೆಯ ವರ್ಷದಲ್ಲಿ ಥರ್ಮೊಡೈನಮಿಕ್ಸ್ ಬಂತು. ಶಾಖ, ಕೆಲಸ, ರಾಸಾಯನಿಕ ಕ್ರಿಯೆ, ಇವುಗಳ ಲೆಕ್ಕಾಚಾರದ ಶಾಸ್ತ್ರ. ಪಾಠ ಮಾಡುತ್ತಿದ್ದವರು ಕೋಟು ಹಾಕಿದ, ಸಣ್ಣ ದನಿಯ ಮೇಷ್ಟರು. ಮೊದಲ ದಿನ ಬೋರ್ಡಿನ ಮೇಲೆ ಒಂದು ಸುತ್ತು ಗೆರೆ ಎಳೆದರು. ಗೆರೆಯ ಒಳಗಿರುವುದು ಸಿಸ್ಟಂ. ಹೊರಗಿರುವುದೆಲ್ಲ, ನಾವು, ಈ ಕೋಣೆ, ಲಾಲ್‌ಬಾಗು, ಸೂರ್ಯ, ಎಲ್ಲ ಸರೌಂಡಿಂಗ್ಸ್. ಗೆರೆ ದಾಟಿ ಒಳಗೆ ಬಂದ ಶಾಖಕ್ಕೆ ಪ್ಲಸ್, ಹೊರಗೆ ಹೋದದ್ದಕ್ಕೆ ಮೈನಸ್. ಎನರ್ಜಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಅದು ಅತ್ತಿಂದಿತ್ತ ಹೋಗುವ ಒಂದು ಬಗೆಯೇ ಶಾಖ. ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಗುಂಡಿಯ ವಿಷಯ! ಇಡೀ ಕ್ಲಾಸಿನಲ್ಲಿ ಇದನ್ನು ಕೈಯಾರೆ ಮುಟ್ಟಿದವನು ನಾನೊಬ್ಬನೇ ಎನಿಸಿ ಎದ್ದು ನಿಂತೆ. ಆ ವರ್ಷ ನಾನಾಗಿ ಎದ್ದು ನಿಂತದ್ದು ಅದೊಂದೇ ಸಲ.

"ಸಾರ್, ಸುಣ್ಣ ಅರಳೋವಾಗ ಶಾಖ ಬರುತ್ತಲ್ಲ. ಬಂದಿದ್ದು ಪ್ಲಸ್ ಅಲ್ವಾ ಸಾರ್?"

"ಯಾರಿಗೆ ಬಂತಪ್ಪ?"

"ನಮಗೆ ಸಾರ್. ಸ್ನಾನಕ್ಕೆ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಷ್ಟರೂ ತಡೆಯಲಾರದೆ ನಕ್ಕರು. "ನಿನ್ನ ಸ್ನಾನ ಬಿಡಯ್ಯ, ಸಿಸ್ಟಮ್ಮಿಗೆ ಏನಾಯ್ತು ನೋಡು. ಕೂತ್ಕೋ, ಕೂತ್ಕೋ." ಉತ್ತರ ಆ ಮಾತಿನಲ್ಲೇ ಇತ್ತು. ನನ್ನ ಕಿವಿಯಲ್ಲಿ ನಗು ತುಂಬಿಕೊಂಡಿತ್ತು, ಉತ್ತರ ಒಳಗೆ ಇಳಿಯಲಿಲ್ಲ. ಮತ್ತೆ ನಾನು ಏನನ್ನೂ ಕೇಳಲಿಲ್ಲ.

ಕೇಳದವನಿಗೆ ಪುಸ್ತಕವೇ ಗುರು. ನನ್ನ ಪುಸ್ತಕ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಬಂದದ್ದು. ರಟ್ಟು ಹೋಗಿತ್ತು. ನಾನು ಹುಟ್ಟುವ ಮೊದಲೇ ಅಚ್ಚಾದದ್ದು. ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಗುರುತು ಮಾಡಿದ್ದರು. ಆ ಗುರುತು ಕಂಡಾಗಲೆಲ್ಲ ಪಕ್ಕದಲ್ಲಿ ಯಾರೋ ಕೂತು ಓದುತ್ತಿದ್ದಾರೆ ಎನ್ನಿಸಿ ಒಂದಿಷ್ಟು ಸಮಾಧಾನವಾಗುತ್ತಿತ್ತು. ಆ ಪುಸ್ತಕದಲ್ಲಿ ಇದ್ದಿಲು ಉರಿಯುವ ಸಮೀಕರಣದ ಕೊನೆಗೆ ತೊಂಬತ್ತನಾಲ್ಕು ಸಾವಿರ ಕ್ಯಾಲೊರಿ ಎಂದು ಪ್ಲಸ್ ಗುರುತಿನೊಂದಿಗೆ ಅಚ್ಚಾಗಿತ್ತು. ನೋಡಿದೊಡನೆ ನನಗೆ ಜೀವ ಬಂದಂತಾಯಿತು. ಹೊರಗೆ ಬಂದ ಶಾಖಕ್ಕೆ ಪ್ಲಸ್. ಅವ್ವನೂ ಹಾಗೇ ಅಲ್ಲವೇ ಹೇಳುವುದು, ಗುಂಡಿ ಕೊಡ್ತು ಅಂತ? ಅಂಕಿಗಳನ್ನೆಲ್ಲ ಆ ಪುಸ್ತಕದಿಂದ ಬಾಯಿಪಾಠ ಮಾಡಿದೆ. ಲೆಕ್ಕ ಮಾಡುವ ವಿಧಾನವನ್ನು ಕ್ಲಾಸಿನ ನೋಟ್ಸಿನಿಂದ ಕಲಿತೆ. ಎರಡೂ ಸರಿ, ಎರಡೂ ದೊಡ್ಡವರು ಬರೆದದ್ದು ಎಂಬ ಭಕ್ತಿ ನನ್ನದು.

ಮಾರ್ಚಿನ ಪರೀಕ್ಷೆಯಲ್ಲಿ ಶಾಖದ ಲೆಕ್ಕಗಳಲ್ಲೆಲ್ಲ ಎರಡನ್ನೂ ಬೆರೆಸಿ ಬರೆದು ಬಂದೆ. ಸರಿಯಾಗಿಯೇ ಮಾಡಿದ್ದೇನೆ ಅಂದುಕೊಂಡಿದ್ದೆ.

ರಿಸಲ್ಟಿನ ದಿನ ಕಾಲೇಜಿನ ಬೋರ್ಡಿನ ಮುಂದೆ ಗುಂಪು. ನನ್ನ ನಂಬರು ಇರಲಿಲ್ಲ. ಉಳಿದದ್ದೆಲ್ಲ ಪಾಸು, ಕೆಮಿಸ್ಟ್ರಿ ಹೋಗಿತ್ತು. ಯಾರೋ ಹಿಂದಿನಿಂದ, "ಏನಾಯ್ತೋ ಡಬ್ಬಿ?" ಎಂದರು. ನಾನು ಕೈಯಾಡಿಸಿ ನಡೆದುಬಿಟ್ಟೆ.

ಮನೆಯಲ್ಲಿ ಹೇಳಲಿಲ್ಲ. ರಿಸಲ್ಟು ತಡ ಅಂತೆ ಎಂದೆ. ಮಾರನೆಯ ದಿನದಿಂದ ಹತ್ತು ಹನ್ನೆರಡು ದಿನ, ಅವ್ವ ಕಟ್ಟಿಕೊಟ್ಟ ಬುತ್ತಿ, ಆ ಹಳೇ ಪುಸ್ತಕ ಹಿಡಿದು, ಕಾಲೇಜಿನಲ್ಲಿ ಕೆಲಸವಿದೆ ಎಂದು ಹೊರಟು ಜಯನಗರದಲ್ಲಿ ಕಟ್ಟುತ್ತಿದ್ದ ಒಂದು ಮನೆಯಲ್ಲಿ ಹೋಗಿ ಕೂರುತ್ತಿದ್ದೆ. ಬಾಗಿಲು ಕಿಟಕಿ ಇನ್ನೂ ಇಟ್ಟಿರಲಿಲ್ಲ. ಸುತ್ತ ಬಯಲು, ಕಲ್ಲು ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ. ಮುಂದೆ ಯಾರೋ ಮಲಗುವ ಕೋಣೆಯಲ್ಲಿ, ಯಾರೋ ದೇವರನ್ನಿಡುವ ಗೂಡಿನ ಕೆಳಗೆ ಒಬ್ಬನೇ ಕೂತು ಬುತ್ತಿ ಬಿಚ್ಚುತ್ತಿದ್ದೆ. ಗೋಡೆಯ ಗಾರೆಗೆ ಹೋದದ್ದು ನಮ್ಮ ಗೂಡಿನ ಸುಣ್ಣ. ಅದರ ವಾಸನೆಯೇ ಆ ದಿನಗಳಲ್ಲಿ ನನಗಿದ್ದ ಸಂಗಾತಿ. ಇಷ್ಟು ದೂರ ಬಂದು, ಕೊನೆಗೆ ಅದೇ ವಾಸನೆಯ ಮಗ್ಗುಲಲ್ಲಿ ಕೂತಿದ್ದೇನಲ್ಲ ಎಂದು ಒಂದೊಂದು ಸಲ ಅಳು ಬರುತ್ತಿತ್ತು.

ಆ ಮನೆಯ ಮೇಸ್ತ್ರಿ ಮಡಿವಾಳದ ಕಡೆಯವರು. ನಮ್ಮಲ್ಲೇ ಸುಣ್ಣ ಕೊಳ್ಳುತ್ತಿದ್ದುದರಿಂದ ನನ್ನ ಗುರುತಿತ್ತು. ಮೊದಲ ದಿನ ನೋಡಿ, "ಏನಪ್ಪ, ಇಲ್ಲಿ?" ಎಂದರು. "ಓದಕ್ಕೆ, ಇಲ್ಲಿ ತಣ್ಣಗಿದೆ" ಎಂದೆ. ಮತ್ತೆ ಕೇಳಲಿಲ್ಲ. ಒಂದು ದಿನ ಅವರು ಒಳಗಿನ ಕೋಣೆಗೆ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತುಂಬಿಕೊಂಡು ಬಂದಿಟ್ಟರು. ಗೃಹಪ್ರವೇಶಕ್ಕೆ ಮುಹೂರ್ತ ಹತ್ತಿರ, ಗೋಡೆ ಇನ್ನೂ ಹಸಿ. ಇದ್ದಿಲಿನ ಕೆಂಡ ಇಟ್ಟರೆ ಗಾರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಮೇಸ್ತ್ರಿಗಳಿಗೆಲ್ಲ ಗೊತ್ತಿದ್ದ ವಿದ್ಯೆ. ಸ್ವಲ್ಪ ಹೊತ್ತಿಗೆ ನಾನು ಗೋಡೆ ಮುಟ್ಟಿ ನೋಡಿದೆ. ಕೈ ಒದ್ದೆಯಾಯಿತು. ಸಣ್ಣ ಸಣ್ಣ ಹನಿ ಗೋಡೆಯುದ್ದಕ್ಕೂ.

"ಮೇಸ್ತ್ರೀ, ಬೆಂಕಿ ಇಟ್ರೆ ಒಣಗಬೇಕು, ಇದೇನು ನೀರು ಬಿಡ್ತಿದೆ?"

"ಬೆವರ್ತಾ ಐತೆ. ಇದ್ದಿಲು ಇಟ್ರೆ ಬೆವರ್ತದೆ, ಸೌದೆ ಒಲೆಗಿಂತ ಜಾಸ್ತಿ. ಬೆವರಿದ ಮೇಲೇನೆ ಕಲ್ಲಾಗಾದು."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀಯಲ್ಲ, ಕಾಲೇಜಿಗೆ ಹೋಗೋನು ನೀನೋ ನಾನೋ?" ಎಂದು ಕರಣೆ ಒರೆಸುತ್ತಾ ನಕ್ಕು ಹೋದರು.

ನಾನು ಒದ್ದೆ ಕೈಯನ್ನೇ ನೋಡುತ್ತಾ ಕೂತೆ. ಬೆವರಿದ ಮೇಲೆ ಕಲ್ಲಾಗುತ್ತದೆ. ಕಲ್ಲು. ಗೂಡಿನಲ್ಲಿ ನಾವು ಕಲ್ಲನ್ನು ಸುಟ್ಟಾಗ ಅದರಿಂದ ಕಾರ್ಬನ್ ಡೈ ಆಕ್ಸೈಡ್ ಹೊರಟು ಹೋಗುತ್ತದೆ. ಆದ್ದರಿಂದಲೇ ಅದು ಹಗುರ. ಗುಂಡಿಯಲ್ಲಿ ಅದು ನೀರು ಕುಡಿದು ಅರಳುತ್ತದೆ. ಇಲ್ಲಿ ಗೋಡೆಯ ಮೇಲೆ, ಇದ್ದಿಲು ಉರಿದು ಬಿಡುವ ಅದೇ ಕಾರ್ಬನ್ ಡೈ ಆಕ್ಸೈಡನ್ನು ಒಳಗೆ ತಗೊಂಡು, ಕುಡಿದ ನೀರನ್ನು ಹೊರಗೆ ಬಿಡುತ್ತಿದೆ. ನೀರು ಹೋದ ಮೇಲೆ ಉಳಿಯುವುದು ನಾವು ಮೊದಲು ಗೂಡಿಗೆ ಹಾಕಿದ ಅದೇ ಕಲ್ಲು. ಸುತ್ತು ಹೊಡೆದು ವಾಪಸು ಬಂದಿದೆ!

ಹೊರಟಲ್ಲಿಗೇ ಬಂದು ಸೇರಿದರೆ ಒಟ್ಟು ಶಾಖದ ಲೆಕ್ಕ ಸೊನ್ನೆಯಾಗಬೇಕು. ಯಾವ ದಾರಿಯಿಂದ ಹೋದರೂ ಹೊರಟ ಊರು, ಸೇರಿದ ಊರು ಒಂದೇ ಆದರೆ ಮೊತ್ತವೂ ಒಂದೇ. ಇದು ನಮಗೆ ಕಲಿಸಿದ್ದ ನಿಯಮ. ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದೆ. ಕಲ್ಲು ಸುಡುವಾಗ ನಲವತ್ತೆರಡೂವರೆ ಸಾವಿರ ಕ್ಯಾಲೊರಿ, ಅರಳುವಾಗ ಹದಿನೈದೂವರೆ ಸಾವಿರ, ಗೋಡೆಯ ಮೇಲೆ ಮತ್ತೆ ಕಲ್ಲಾಗುವಾಗ ಇಪ್ಪತ್ತೇಳು ಸಾವಿರ. ಕೊನೆಯದು ತಿಂಗಳುಗಟ್ಟಲೆ ನಿಧಾನವಾಗಿ ಬಿಡುವ ಶಾಖ, ಯಾರ ಕೈಗೂ ತಾಗುವುದಿಲ್ಲ. ಕೂಡಿದೆ. ಸೊನ್ನೆ ಬರಲಿಲ್ಲ, ಎಂಬತ್ತೈದು ಸಾವಿರ ಬಂತು. ಸುಡುವುದರ ಗುರುತನ್ನು ನೋಟ್ಸಿನಿಂದ, ಇನ್ನೆರಡನ್ನು ಪುಸ್ತಕದಿಂದ ತಗೊಂಡಿದ್ದೆ. ಮೂರೂ ಪ್ಲಸ್.

ಬೆವರುವ ಗೋಡೆ ಎದುರಿಗೇ ಇತ್ತು. ಸುಡುವಾಗ ನಾನು ಕಲ್ಲಿನ ಒಳಗೆ ನಿಂತು ನೋಡಿದ್ದೇನೆ: ನನಗೆ ಬೆಂಕಿ ಬಂತು, ಪ್ಲಸ್. ಅರಳುವಾಗ ಅಲ್ಲಿಂದ ಎದ್ದು ಹೊರಗೆ ಬಂದು, ಅವ್ವನ ಪಕ್ಕ ನಿಂತುಬಿಟ್ಟಿದ್ದೇನೆ: ನಮಗೆ ಬಿಸಿನೀರು ಬಂತು, ಪ್ಲಸ್. ಒಂದು ಕಡೆ ನಿಂತೇ ಇಲ್ಲ! ಕಲ್ಲಿನ ಒಳಗೇ ನಿಂತು ಮೂರನ್ನೂ ಮತ್ತೆ ಬರೆದೆ. ಬಂದದ್ದು ನಲವತ್ತೆರಡೂವರೆ. ಹೋದದ್ದು ಹದಿನೈದೂವರೆ, ಇಪ್ಪತ್ತೇಳು. ಸೊನ್ನೆ.

ಆ ಸೊನ್ನೆಯನ್ನು ಯಾರಿಗಾದರೂ ತೋರಿಸಬೇಕಿತ್ತು. ಎದ್ದು ಹೊರಗೆ ಬಂದೆ. ಮೇಸ್ತ್ರಿ ಮರಳು ಜರಡಿ ಹಿಡಿಯುತ್ತಿದ್ದರು. ಆಚೆ ಬಯಲಿನಲ್ಲಿ ಒಂದು ಎಮ್ಮೆ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಕಾಲೇಜಿನ ದಾರಿ ಹಿಡಿದೆ.

ಮೇಷ್ಟರು ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಹಾಳೆಯನ್ನೂ ಪುಸ್ತಕವನ್ನೂ ಮುಂದಿಟ್ಟೆ. ಹಾಳೆ ನೋಡಿದರು. ಪುಸ್ತಕ ತೆಗೆದವರೇ ಕನ್ನಡಕ ಸರಿಮಾಡಿಕೊಂಡರು.

"ಅಯ್ಯೋ, ಇದು ನಾನು ಓದ್ತಿದ್ದ ಕಾಲದ್ದು ಕಣಯ್ಯ. ಆಗೆಲ್ಲ ಬಿಟ್ಟ ಶಾಖಕ್ಕೆ ಪ್ಲಸ್ ಬರೀತಿದ್ರು. ಈಗ ಉಲ್ಟಾ. ಎರಡನ್ನೂ ಸೇರಿಸಿ ಬರೆದ್ಯಾ? ಪುಸ್ತಕ ಬದಲಾಗಿದೆ ಅಂತ ನಿನಗೆ ಯಾರೂ ಹೇಳ್ಲಿಲ್ವಾ?"

"ಯಾರು ಹೇಳ್ಬೇಕಿತ್ತು ಸಾರ್?"

ಒರಟಾಗಿ ಹೇಳಬೇಕೆಂದಿರಲಿಲ್ಲ. ನಿಜವಾಗಿಯೇ ಕೇಳಿದ್ದೆ. ಅಣ್ಣನೋ, ಪಕ್ಕದ ಮನೆಯವನೋ, ಬೆಂಚಿನ ಪಕ್ಕದವನೋ ಒಂದು ಮಾತಿನಲ್ಲಿ ಹೇಳಬಹುದಾದದ್ದು ಅದು. ಕ್ಲಾಸಿನ ಉಳಿದವರಿಗೆಲ್ಲ ಹಾಗೇ ಗೊತ್ತಾಗಿತ್ತು. ಮೇಷ್ಟರು ಕಿಟಕಿಯ ಕಡೆ ನೋಡಿದರು. ಆಮೇಲೆ ತಮ್ಮ ಮೇಜಿನ ಮೇಲಿದ್ದ ಹೊಸ ಪುಸ್ತಕ ನನ್ನ ಕಡೆ ತಳ್ಳಿ, "ಸೆಪ್ಟೆಂಬರ್‌ವರೆಗೆ ಇಟ್ಕೊ. ಸುಣ್ಣ ಆಗದ ಹಾಗೆ ನೋಡ್ಕೊ" ಎಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಮೇಸ್ತ್ರಿ ಸುಣ್ಣ ಬೇಕೆಂದು ಹೇಳಲು ಬಂದವರು, ಹುಡುಗ ದಿನಾ ನಾವು ಕಟ್ಟೋ ಮನೇಲಿ ಕೂತಿರ್ತಾನಲ್ಲ, ಫೇಲಾಗಿ ಕಾಲೇಜು ಬುಟ್ಟವ್ನಾ ಎಂದಿದ್ದರಂತೆ. ದೊಡ್ಡಪ್ಪ ಗೂಡಿಗೆ ಕಲ್ಲು ತುಂಬಿಸುತ್ತಿದ್ದರು.

"ಫೇಲಂತೆ."

"ಹ್ಞೂಂ."

"ಹೇಳಕ್ಕೇನಾಗಿತ್ತು? ಗೋಡೆ ಕಾಯ್ಕೊಂಡು ಕೂತಿದ್ಯಂತೆ. ನಾಳೆಯಿಂದ ಗೂಡು ಕಾಯಿ. ಮುಗೀತಲ್ಲ."

"ಸೆಪ್ಟೆಂಬರಲ್ಲಿ ಇನ್ನೊಂದು ಸಲ ಕಟ್ಬೋದು, ದೊಡ್ಡಪ್ಪ. ಒಂದೇ ಪೇಪರ್ ಉಳಿದಿರಾದು."

"ನಾನು ಅವತ್ತೇ ಹೇಳಿದ್ದೆ. ಅರಳಿದ್ದು ಮತ್ತೆ ಕುದಿಯಲ್ಲ."

ಗುಂಡಿಯ ಅಂಚಿನಲ್ಲಿ ಯಾವತ್ತೋ ಅರಳಿ ಒಣಗಿ ಹೆಪ್ಪುಗಟ್ಟಿದ್ದ ಸುಣ್ಣವನ್ನು ಕೆತ್ತಿ, ತೆಂಗಿನಕಾಯಿ ಗಾತ್ರದ ಎರಡು ಹೆಂಟೆ ತೆಗೆದೆ. ಅವರ ಕಣ್ಣೆದುರಿಗೇ ಅದನ್ನು ಕಲ್ಲಿನ ನಡುಸಾಲಿನಲ್ಲಿ ಇಟ್ಟೆ. "ಏನ್ಲಾ ಅದು?" ಎಂದರು. "ನೋಡೋಣ ಇರಿ" ಎಂದೆ. ಹುಚ್ಚು ಹಿಡಿದಿದೆ ಎಂದುಕೊಂಡರೋ ಏನೋ, ಅದರ ಮೇಲೆ ತಾವೇ ಕಟ್ಟಿಗೆ ಹಾಕಿದರು.

ಗೂಡು ಉರಿದು ಆರಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಆ ಎರಡು ಹೆಂಟೆಗಳನ್ನು ಹುಡುಕಿ ತೆಗೆದು ಹಳೇ ಬಾಣಲೆಗೆ ಹಾಕಿ ಒಂದು ಚೆಂಬು ನೀರು ಸುರಿದೆ. ದೊಡ್ಡಪ್ಪ ದೂರದಲ್ಲೇ ನಿಂತಿದ್ದರು, ನೋಡುತ್ತಿಲ್ಲವೆಂಬಂತೆ. ಮೊದಲು ಏನೂ ಆಗಲಿಲ್ಲ. ಅವ್ವ ಬಾಗಿಲಲ್ಲಿ ಬಂದು ನಿಂತಳು. ಎಲೆ ಅಡಿಕೆಯಷ್ಟು ಹೊತ್ತು. ಆಮೇಲೆ ಬುಸ್ಸೆಂದಿತು. ಹಬೆ ಎದ್ದಿತು. ಬಾಣಲೆಯ ನೀರು ಕುದಿದು ಅಂಚಿನಿಂದ ಹೊರಗೆ ಚೆಲ್ಲಿತು.

ದೊಡ್ಡಪ್ಪ ಹತ್ತಿರ ಬಂದರು. ಹಬೆಯ ಮೇಲೆ ಅಂಗೈ ಹಿಡಿದರು. ಸುಣ್ಣದ ಹದವನ್ನು ಅವರು ಯಾವತ್ತೂ ನೋಡುತ್ತಿದ್ದದ್ದು ಹಾಗೆಯೇ. ನಲವತ್ತು ವರ್ಷ ಸುಣ್ಣ ಸುಟ್ಟವರು, ಅರಳಿದ ಸುಣ್ಣವನ್ನು ಮತ್ತೆ ಗೂಡಿಗೆ ಹಾಕಿ ನೋಡಿರಲಿಲ್ಲ. ಯಾಕೆ ಹಾಕಬೇಕು? ಅದು ಕಟ್ಟಿಗೆ ದಂಡ. ಅವರು ಕೈ ಹಿಂದೆಗೆದು ಲುಂಗಿಗೆ ಒರೆಸಿಕೊಂಡರು.

"ಇದೇನು ತಾನಾಗೇ ಕುದೀಲಿಲ್ಲ. ಮೂರು ದಿನ ನನ್ನ ಕಟ್ಟಿಗೆ ತಿಂದು ಕುದೀತು."

ಅವರು ಹೇಳಿದ್ದು ಆ ಹೊಸ ಪುಸ್ತಕದ ಮುಂದಿನ ಅಧ್ಯಾಯದ ಸಾರ. ಸುಟ್ಟ ಸುಣ್ಣ ನೀರಿನೊಡನೆ ತಾನಾಗೇ ಅರಳುತ್ತದೆ, ಬಯಲಿನಲ್ಲಿಟ್ಟ ಅರಳಿದ ಸುಣ್ಣ ತಾನಾಗೇ ಹಿಂದಿರುಗುವುದಿಲ್ಲ. ಹಿಂದಿರುಗಿಸಬೇಕಾದರೆ ಕಾವಿನಲ್ಲಿಡಬೇಕು, ಅದಕ್ಕಾಗಿ ಹೊರಗೆ ಬೇರೇನೋ ಉರಿಯಬೇಕು. ಎಂಟ್ರೊಪಿ ಎಂಬ ಹೆಸರಿನಲ್ಲಿ ಕ್ಲಾಸಿನಲ್ಲಿ ಕೇಳಿದಾಗಿನಿಂದ ನನಗೆ ತಲೆಗೆ ಹತ್ತದೆ ಇದ್ದ ವಿಷಯ ಅದು. ಅಕ್ಷರ ಬಾರದ ದೊಡ್ಡಪ್ಪ ಅದನ್ನು ಬಾಣಲೆಯ ಮುಂದೆ ನಿಂತು ಹೇಳಿಬಿಟ್ಟರು. ಅದನ್ನು ಅವರಿಗೆ ಹೇಳಬೇಕೆನ್ನಿಸಿತು. ಎಲ್ಲಿಂದ ಶುರು ಮಾಡುವುದು?

ಅವರೇ ಅಂದರು, ಬೆನ್ನು ತಿರುಗಿಸಿಕೊಂಡು: "ಆಯ್ತು. ಇನ್ನೊಂದು ಸಲ ಹಾಕ್ತೀನಿ ಕಟ್ಟಿಗೆ. ಒಂದೇ ಸಲ. ಆಮೇಲೂ ಕುದೀದಿದ್ರೆ ಸನಿಕೆ ಹಿಡ್ಕೊ, ಮಾತಿಲ್ಲ."

ಮಾತಿನಂತೆ ನಡೆದುಕೊಂಡರು. ಸೆಪ್ಟೆಂಬರ್ ಬರುವವರೆಗೂ ಬೆಳಗಿನ ಗಾಡಿ ತಾವೇ ತುಂಬಿಸಿದರು. ಅವರಿಗೆ ಆಗ ಅರವತ್ತರ ಹತ್ತಿರ. ನಾನು ಒಳಗೆ ಕೂತು ಓದುವಾಗ ಹೊರಗೆ ಸನಿಕೆಯ ಸದ್ದು ಕೇಳುತ್ತಿತ್ತು. ಅಷ್ಟು ಒಬ್ಬಂಟಿತನ ನಾನು ಖಾಲಿ ಮನೆಯಲ್ಲಿ ಕೂತಾಗಲೂ ಕಂಡಿರಲಿಲ್ಲ. ಯಾಕೆಂದರೆ ಅಲ್ಲಿ ಸೋತಿದ್ದರೆ ನಾನೊಬ್ಬನೇ ಸೋಲುತ್ತಿದ್ದೆ, ಈಗ ಸೋತರೆ ಅವರೂ ಸೋಲುತ್ತಿದ್ದರು.

ಪರೀಕ್ಷೆಯ ದಿನ ಮಳೆ ಹನಿಯುತ್ತಿತ್ತು. ಎರಡನೇ ಪ್ರಶ್ನೆಯೇ ಶಾಖದ ಲೆಕ್ಕ. ಬರೆಯುವ ಮೊದಲು ಉತ್ತರದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಗೆರೆ ಎಳೆದು, ಅದರೊಳಗೆ ಕನ್ನಡದಲ್ಲಿ 'ನಾನು ಇಲ್ಲಿ' ಎಂದು ಬರೆದುಕೊಂಡೆ. ಲೆಕ್ಕ ಮುಗಿಯುವವರೆಗೂ ಆ ಗೆರೆ ದಾಟಿ ಹೊರಗೆ ಬರಲಿಲ್ಲ. ಆಮೇಲೆ ರಬ್ಬರಿನಿಂದ ಅಳಿಸಿದೆ.

ಪಾಸಾಯಿತು. ಈ ಸಲ ಬೋರ್ಡಿನ ಮುಂದೆ ಗುಂಪಿರಲಿಲ್ಲ. ಜೊತೆಯವರೆಲ್ಲ ಆಗಲೇ ಕೆಲಸಕ್ಕೋ ಮುಂದಿನ ಓದಿಗೋ ಹೋಗಿಯಾಗಿತ್ತು. ಖಾಲಿ ಕಾರಿಡಾರಿನಲ್ಲಿ ನನ್ನ ನಂಬರನ್ನು ಮೂರು ಸಲ ಓದಿದೆ. ಮೇಷ್ಟರಿಗೆ ಪುಸ್ತಕ ಹಿಂದಿರುಗಿಸಲು ಹೋದರೆ ಅವರು ರಜೆ. ಮೇಜಿನ ಮೇಲಿಟ್ಟು ಬಂದೆ. ಲಾಲ್‌ಬಾಗಿನೊಳಗೆ ಹಾದು ಬರುವಾಗ ಯಾರಾದರೂ ಪರಿಚಯದವರು ಸಿಗಲಿ ಎಂದು ಬೇಕೆಂದೇ ನಿಧಾನವಾಗಿ ನಡೆದೆ. ಸಿಗಲಿಲ್ಲ. ನಮ್ಮ ವಂಶದಲ್ಲಿ ಮೊದಲನೆಯ ಪದವೀಧರ ತಾನೊಬ್ಬನೇ ಕಡಲೆಕಾಯಿ ತಿನ್ನುತ್ತಾ ಜಯನಗರ ದಾಟಿ ಮನೆಗೆ ಬಂದ. ಇದನ್ನು ದುಃಖಕ್ಕೆ ಬರೆಯುತ್ತಿಲ್ಲ. ಹೆಮ್ಮೆ ಎದೆ ತುಂಬ ಇತ್ತು, ಇವತ್ತಿಗೂ ಇದೆ. ಅದನ್ನು ಹಿಡಿದುಕೊಳ್ಳಲು ಇನ್ನೊಬ್ಬರ ಕೈ ಇರಲಿಲ್ಲ, ಅಷ್ಟೇ.

ಘಟಿಕೋತ್ಸವಕ್ಕೆ ನಾನು ಹೋಗಲಿಲ್ಲ. ಸರ್ಟಿಫಿಕೇಟು ಕಾಲೇಜಿಗೇ ಬಂತು. ಆಫೀಸಿನ ಗುಮಾಸ್ತರು ಕಿಟಕಿಯ ಕಿಂಡಿಯಿಂದ ನನ್ನ ಕೈ ನೋಡಿ, "ಕೈ ತೊಳ್ಕೊಂಡ್ ಬನ್ರಿ, ಹಾಳೆ ಕೊಳೆಯಾಗುತ್ತೆ" ಎಂದರು. "ತೊಳೆದಿದೀನಿ ಸಾರ್, ಇದು ಹೋಗಲ್ಲ" ಎಂದೆ. ಅವರು ಒಂದು ಕ್ಷಣ ನೋಡಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಮನೆಗೆ ಬಂದಾಗ ದೊಡ್ಡಪ್ಪ ಗೂಡಿನ ಬಾಯಿಯ ಪಕ್ಕದಲ್ಲಿ, ನಾಲ್ಕು ವರ್ಷದ ಹಿಂದೆ ಕೂತಿದ್ದ ಜಾಗದಲ್ಲೇ ಕೂತಿದ್ದರು. ಪೇಪರು ಬಿಚ್ಚಿ ಅವರ ಮುಂದೆ ಹಿಡಿದೆ. ಎಣ್ಣೆ ಕೈಯನ್ನು ಟವಲಿಗೆ ಒರೆಸಿದರು, ಇನ್ನೊಂದು ಸಲ ಒರೆಸಿದರು, ಎರಡು ಅಂಗೈಗಳ ಮೇಲೆ ಅದನ್ನು ಇರಿಸಿಕೊಂಡರು. ಬೆರಳು ತಾಗಿಸಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸುತ್ತಾ ಅವರ ಹಿಂದೆ ನಿಂತಿದ್ದಳು.

"ನಿಮ್ಮಪ್ಪನ ಹೆಸರು ಎಲ್ಲೈತೆ?"

"ಒಂದಕ್ಷರ ಇದೆ, ದೊಡ್ಡಪ್ಪ. ನನ್ನ ಹೆಸರಿನ ಮುಂದೆ." ತೋರಿಸಿದೆ.

ಆ ಒಂದಕ್ಷರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು, ಗೂಡಿನ ಕಡೆ ತಿರುಗಿ ಹೇಳಿದರು:

"ಗೋಡೆಗೆ ನೇತಾಕ್ಬ್ಯಾಡ. ಹಬ್ಬಕ್ಕೆ ಸುಣ್ಣ ಬಳಿಯೋವಾಗ ಹಾಳಾಯ್ತದೆ. ಪೆಟ್ಟಿಗೇಲಿಡು."